ಪಾದ್ರಿ ತೊಳೆಸಿದ ಕುರ್ಚಿ

"ಆ ನಾಲ್ಕು ಸಾಲು ಬಿಟ್ಟುಬಿಡಿ ಕಮಲಿನಿ," ಎಂದರು ರಾಜಗೋಪಾಲ್, ಇಡ್ಲಿಯನ್ನು ಸಾಂಬಾರಿನಲ್ಲಿ ಕಲಸುತ್ತ. "ಯಾರಿಗೆ ಬೇಕು? ನಲ್ಲ ಮನುಷ್ಯ ರೀ ಪಾದ್ರಿ, ಒಳ್ಳೆಯೋರು. ಏರ್ಕಾಡಲ್ಲಿ ದವಾಖಾನೆ ತೆರೆದೋರು."

ಅವರು ಸೇಲಂನ ಚರಿತ್ರೆ ಸಂಘದ ಕಾರ್ಯದರ್ಶಿ. ಈ ಸೀಮೆಯ ವೀರಗಲ್ಲುಗಳ ಬಗ್ಗೆ ಪುಸ್ತಕ ಬರೆದು, ಅರವತ್ತೈದು ವರ್ಷದ ಹಿಂದೆ ತೀರಿಕೊಂಡ ಆಂಗ್ಲಿಕನ್ ಪಾದ್ರಿ ವಿಲ್ಮಟ್‌ನ ಬರಹಗಳನ್ನು ಸಂಘ ತಮಿಳಿನಲ್ಲಿ ತರುತ್ತಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕಮಲಿನಿ ಅನುವಾದ ಮಾಡಿದ್ದಳು. ದಿನಚರಿಯ ಆ ಸಾಲುಗಳು ಅವಳಿಗೆ ಬಾಯಿಪಾಠವೇ ಆಗಿದ್ದವು: "ಕುರಿ ಕಾಯುವ ಅಪ್ಪಯ್ಯ ಬಂದಿದ್ದ. ಎರಡು ಎಲೆ ಹೊಗೆಸೊಪ್ಪಿಗೆ ಕಲ್ಲಿನ ಕಥೆಯನ್ನೆಲ್ಲ ಕಕ್ಕಿದ. ಹೋದ ಮೇಲೆ ಅವನು ಕೂತ ಕುರ್ಚಿಯನ್ನು ಫಿನೈಲಿನಲ್ಲಿ ತೊಳೆಸಿದೆ. ಈ ಜನ ತಮ್ಮ ಕುರಿಗಳಿಗಿಂತ ಕೊಂಚವೇ ಮೇಲು." ಪುಸ್ತಕದಲ್ಲಿ ಅದೇ ಕಥೆಯನ್ನು ಪಾದ್ರಿ ತನ್ನ ಸ್ವಂತ ಶೋಧನೆ ಎಂದಿದ್ದ.

"ಭಾನುವಾರ ಬಿಡುಗಡೆ. ಅಪ್ಪಯ್ಯನ ಮಗಳಿಗೆ ಶಾಲು ಹೊದಿಸ್ತೀವಿ, ಪಾದ್ರಿ ಗೆಳೆಯನ ಮಗಳು ಅಂತ. ಪೇಪರ್‌ನೋರು ಬರ್ತಾರೆ." ರಾಜಗೋಪಾಲ್ ಬೆರಳು ನೆಕ್ಕಿದರು. ಕಮಲಿನಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮರುದಿನ ಅವಳು ಪಾಪಿರೆಡ್ಡಿಪಟ್ಟಿಯ ಬಸ್ಸು ಹತ್ತಿದಳು. ಅಪ್ಪಯ್ಯನ ಮಗಳು, ಎಂಬತ್ತು ದಾಟಿದ ಮುತ್ತಮ್ಮ ಕುರಿದೊಡ್ಡಿ ಗುಡಿಸುತ್ತಿದ್ದಳು. ಮಂಚ ತೋರಿಸಿದಳು. ಕೂತ ಮೇಲಷ್ಟೇ ಕಮಲಿನಿಗೆ ತನ್ನ ಸೆರಗು ತನ್ನ ಮೂಗಿನ ಮೇಲಿರುವುದು ತಿಳಿದದ್ದು. ಕೆಳಗಿಳಿಸಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ದೊರೆ ನಮ್ಮಪ್ಪನ್ನ ಏನಂತ ಬರ್ದವ್ರೆ? ಓದು ಅಮ್ಮಣಿ, ಮುಚ್ಚಿಡ್‌ಬ್ಯಾಡ."

ಇಬ್ಬರ ಮನೆಮಾತೂ ಕನ್ನಡ; ಅದರಲ್ಲೇ ಓದಿದಳು. ಫಿನೈಲಿನ ಹತ್ತಿರ ದನಿ ತಡವರಿಸಿತು.

"ಗೊತ್ತೈತೆ," ಎಂದಳು ಮುತ್ತಮ್ಮ. "ಒಂದ್ ದಪ ಅಪ್ಪ ಚೀಲ ಮರ್ತು ವಾಪಸ್ ಅಲ್ಲಿಗ್ ಓದ್ರೆ, ಕುರ್ಚಿ ಅಂಗಳದಾಗೆ ಒದ್ದೆಯಾಗಿ ನಿಂತಿತ್ತು. ಆಮ್ಯಾಕೆ ನೆಲದ್ ಮ್ಯಾಲೇ ಕುಂತು ಕತೆ ಏಳ್ದ."

"ಮತ್ತೆ ಯಾಕಜ್ಜಿ ಹೋಗ್ತಿದ್ರು?"

"ಬರ್ಕೊಳ್ಳೋನು ಅವ್ನೊಬ್ನೇ ಇದ್ದಿದ್ದು." ಮುತ್ತಮ್ಮ ಪೊರಕೆ ಕೆಳಗಿಟ್ಟಳು. "ಕತೆ ನಮ್ಮಪ್ಪಂದು ಅಂತ ಬುಕ್ಕಲ್ಲಿ ಐತಾ?"

"ಇಲ್ಲ."

ಮುದುಕಿ ದೊಡ್ಡಿಯಾಚೆಗೆ ಕ್ಯಾಕರಿಸಿ ಉಗುಳಿದಳು. "ಕುರ್ಚಿ ತೊಳ್ಸಿದ್ದು ಬುಡು. ಇದು ಅಸಿಂಗಂ, ಅಸಯ್ಯ."

ಅಲ್ಲಿಂದಲೇ ಕಮಲಿನಿ ಫೋನು ಮಾಡಿದಳು. ಸಾಲುಗಳೂ ಇರಬೇಕು, ಕಥೆಯ ಮೇಲೆ ಅಪ್ಪಯ್ಯನ ಹೆಸರೂ ಇರಬೇಕು. ಇಲ್ಲದಿದ್ದರೆ ತನ್ನ ಹೆಸರು ತೆಗೆಯಿರಿ ಎಂದಳು. "ಪ್ರೆಸ್‌ಗೆ ಹೋಗಾಯ್ತಮ್ಮಾ, ಆ ಸಾಲು ನಾನೇ ತೆಗೆದೆ," ಎಂದರು ರಾಜಗೋಪಾಲ್. ಅವರು ನಗುತ್ತಿದ್ದರು.

ಭಾನುವಾರ ಮುತ್ತಮ್ಮ ಬರಲಾರಳು ಎಂದುಕೊಂಡಿದ್ದಳು ಕಮಲಿನಿ. ಬಂದಳು. ಹೊದಿಸಿದ ಶಾಲನ್ನು ಮಡಿಸಿ ರಾಜಗೋಪಾಲರ ಕೈಗೇ ಕೊಟ್ಟು, ಮೈಕಿನ ಮುಂದೆ ನಿಂತು ತನ್ನ ಕನ್ನಡದಲ್ಲೇ ಶುರು ಮಾಡಿದಳು.

"ಆ ಕಲ್ಲಿನ ಕತೆ ಪಾದ್ರೀದಲ್ಲ, ನಮ್ಮಪ್ಪ ಅಪ್ಪಯ್ಯ ಏಳಿದ್ದು. ಪಾದ್ರಿ ಅರ್ಧ ತಪ್ಪಾಗಿ ಬರ್ದವ್ನೆ. ಕೇಳಿ."

ಸಭೆಯಲ್ಲಿ ಯಾರೋ "ಎನ್ನ ಪಾಷೆ ಇದು?" ಎಂದು, ಇದೆಂಥ ಭಾಷೆ ಎಂದು, ತಮಿಳಿನಲ್ಲಿ ಕೇಳಿ ನಕ್ಕರು. ರಾಜಗೋಪಾಲ್ ಪಕ್ಕಕ್ಕೆ ಕಣ್ಸನ್ನೆ ಮಾಡಿದರು; ಮೈಕು ಸತ್ತಿತು. ಮುತ್ತಮ್ಮನಿಗೆ ಅದು ತಿಳಿಯಲಿಲ್ಲ. ಹೇಳುತ್ತಲೇ ಇದ್ದಳು, ಕಲ್ಲು ಇಷ್ಟೆತ್ತರ ಎಂದು ಒಂದು ಕೈಯನ್ನು ಗಾಳಿಯಲ್ಲಿ ಹಿಡಿದು.