ಪತ್ರದಲ್ಲಿ ಬರೆಯದ ಮೂರು ತಿಂಗಳು

ಹನ್ನೊಂದನೆಯ ಗಾಜಿನ ಫ್ಲಾಸ್ಕಿನೊಳಗೆ ಬ್ರಶ್ ತೂರಿಸಿ ತಿರುಗಿಸುತ್ತಿದ್ದಾಗ ಪಾಚಿ ಬಂದು ಸ್ಟೂಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಕಾಲೇಜಿನ ಪ್ರಯೋಗಾಲಯದ ಪಾತ್ರೆ ತೊಳೆಯುವುದು ನನ್ನ ಕೆಲಸ. ಕೊನೆಯ ವರ್ಷದ ಈ ಹುಡುಗಿ ಅದೇ ಪಾತ್ರೆಗಳಲ್ಲಿ ಹಸಿರು ಪಾಚಿ ಬೆಳೆಸುತ್ತಾಳೆ. ಸಹಪಾಠಿಗಳು ಅದನ್ನೇ ಅವಳ ಹೆಸರು ಮಾಡಿಬಿಟ್ಟಿದ್ದರು. ರಜೆಗೆ ಎಲ್ಲರೂ ಊರು ಸೇರಿದ್ದರು. ಆ ಉದ್ದನೆಯ ಕಟ್ಟಡದಲ್ಲಿ ಕೆಮ್ಮಿದರೆ ನಾನು, ಇಲ್ಲವೇ ಅವಳು.

“ಕಳಿಸಿದೆಯಾ?”

“ಇನ್ನೂ ಇಲ್ಲ ಅಜ್ಜಿ.”

“ಐದು ವಾರ ಆಯ್ತು. ಕೋಳಿ ಕೂತಿದ್ರೂ ಮರಿ ಮಾಡಿ ಎದ್ದಿರ್ತಿತ್ತು.”

ದೂರದ ಸಂಶೋಧನಾ ಕೇಂದ್ರದ ಮೇಡಂ ಒಬ್ಬರಿಗೆ ಇಂಟರ್ನ್‌ಶಿಪ್ ಕೇಳಿ ಬರೆಯಬೇಕಾದ ಪತ್ರ ಅದು. ಸಿಕ್ಕರೆ ಮುಂದೆ ಅಲ್ಲೇ ಪಿಎಚ್‌ಡಿಗೆ ದಾರಿ. ಇಲ್ಲದಿದ್ದರೆ ದೊಡ್ಡಪ್ಪನ ಔಷಧಿ ಅಂಗಡಿ. ಅವತ್ತು ಸಂಜೆ ಐದಕ್ಕೆ ಗಡುವು.

ಓದು ಎಂದೆ. ಓದಿದಳು. ‘ತಮ್ಮ ಮಹತ್ತರ ಸಂಶೋಧನೆಯಿಂದ ಚಿಕ್ಕಂದಿನಿಂದಲೂ ಪ್ರಭಾವಿತಳಾಗಿ...’

“ಚಿಕ್ಕಂದಿನಿಂದಲಾ? ಆ ಮೇಡಂ ಹೆಸರು ನೀನು ಕೇಳಿದ್ದೇ ಹೋದ ತಿಂಗಳು.”

ಅವಳಿಗೆ ನಗು ಬಂತು. ಇಪ್ಪತ್ತಾರು ವರ್ಷ ಪ್ರೊಫೆಸರುಗಳ ಮೇಜು ಒರೆಸಿದವಳು ನಾನು. “ಹೊಗಳಿಕೆ ಕಂಡ್ರೆ ಅವರು ಮುಂದಿನ ಸಾಲಿಗೇ ಹೋಗಲ್ಲ,” ಎಂದೆ. “ಕೈಯಾರೆ ಏನು ಮಾಡಿದೆ, ಎಲ್ಲಿ ಎಡವಿದೆ, ಆಮೇಲೆ ಹೇಗೆ ಎದ್ದೆ, ಅದನ್ನ ಹುಡುಕ್ತಾರೆ. ಮೂರು ತಿಂಗಳು ನೀನು ಬೆಳೆಸಿದ ಪಾಚಿ ಸಾಯ್ತಾನೇ ಇತ್ತಲ್ಲ, ಅದೆಲ್ಲಿ ಇದರಲ್ಲಿ?”

“ಅದನ್ನ ಬರೆಯೋ ಹಾಗಿಲ್ಲ.”

“ಯಾಕೆ ಸತ್ತಿತು ಅಂತ ಗೊತ್ತಾಗಲಿಲ್ವಾ?”

“ಗೊತ್ತಾಯ್ತು.”

ಅವಳ ಕಣ್ಣು ನಲ್ಲಿಯ ಮೇಲಿನ ಡಬ್ಬಿಗೆ ಹೋಗಿ ಬಂತು. ಪ್ರಯೋಗಾಲಯದ ಸೋಪಿನ ಪುಡಿ ಮುಗಿದು, ಉಗ್ರಾಣದವನು ಇವತ್ತು ನಾಳೆ ಎಂದು ಸತಾಯಿಸಿದಾಗ, ನಾನು ಮನೆಯಿಂದ ತಂದಿಟ್ಟ ಪರಿಮಳದ ಪುಡಿ ಅದರಲ್ಲಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು. ಆ ಹೊಳಪಿಗೆ ನಾನೇ ಹಿಗ್ಗಿದ್ದೆ.

ಪಾಚಿ ನೆಲ ನೋಡುತ್ತ ಹೇಳಿದಳು. ನಾನು ತೊಳೆದ ಹನ್ನೆರಡು, ಬರೀ ನೀರಲ್ಲಿ ತಾನೇ ತೊಳೆದ ಹನ್ನೆರಡು, ಹೀಗೆ ಇಟ್ಟು ನೋಡಿದಳಂತೆ. ನನ್ನವುಗಳಲ್ಲಿ ಸೋಪು ಅಂಟಿ ಉಳಿದು ಪಾಚಿಯೆಲ್ಲ ಬಿಳುಚಿಕೊಂಡಿತಂತೆ. ಅಂದಿನಿಂದ ದಿನಾ ಬೇಗ ಬಂದು ನನ್ನ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದಳು. ತನ್ನ ಪ್ರೊಫೆಸರ್‌ಗೆ ಮಾತ್ರ ಸೆಕೆಗೆ ಸತ್ತಿತು ಎಂದಿದ್ದಳು.

“ಬೆಳಿಗ್ಗೆ ಬೇಗ ಬರ್ತಿದ್ದದ್ದು ಅದಕ್ಕಾ?”

“ಮೊದಮೊದಲು ಅದಕ್ಕೇ,” ಎಂದಳು.

ನನ್ನ ಜೊತೆ ಒಂದು ಲೋಟ ಚಹಾ ಕುಡಿಯಲು ಬರುತ್ತಾಳೆ ಎಂದುಕೊಂಡಿದ್ದೆ. ನಾನೊಬ್ಬಳೇ ಇರುವ ಮನೆಯಲ್ಲಿ ಎರಡು ಕುರ್ಚಿಗಳಿವೆ; ಒಂದರ ಮೇಲೆ ಬಟ್ಟೆ ಹಾಕಿಡುತ್ತೇನೆ. ಫ್ಲಾಸ್ಕನ್ನು ಕೆಳಗಿಟ್ಟು ಕೈ ಒರೆಸಿಕೊಂಡೆ.

“ಪತ್ರದ ಪ್ರತಿ ಪ್ರೊಫೆಸರ್‌ಗೂ ಹೋಗಬೇಕು,” ಎಂದಳು. “ಓದಿದ್ರೆ ನಿಮ್ಮನ್ನ ಕೆಲಸದಿಂದ ತೆಗೀತಾರೆ ಅಜ್ಜಿ.”

“ತೆಗೀಬಹುದು. ಅದಕ್ಕೇಂತ ನೀನು ಅಂಗಡೀಲಿ ಮಾತ್ರೆ ಎಣಿಸ್ತಾ ಕೂತ್ಕೊಳ್ತೀಯಾ? ಎಷ್ಟು ಪಾತ್ರೆ, ಎಷ್ಟು ದಿನ, ಹೇಗೆ ಗೊತ್ತಾಯ್ತು, ಎಲ್ಲ ಬರಿ. ಸೆಕೆ ಅಂದದ್ದು ಸುಳ್ಳು ಅಂತ ನೀನು ಒಪ್ಕೋ. ಸೋಪಿನ ವಿಷಯ ನಾನು ಒಪ್ಕೋತೀನಿ.”

ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಡುವೆ ಇನ್ನೊಂದು ಮಾತು ಹೇಳಿದೆ. “ಅಲ್ಲಿಗೆ ಹೋದ್ರೆ, ಅಲ್ಲಿ ಓದೋ ಮಕ್ಕಳನ್ನ ಕೇಳು, ಮೇಡಂ ಸಿಟ್ಟು ಬಂದಾಗ ಹೇಗಿರ್ತಾರೆ ಅಂತ. ಪಿಎಚ್‌ಡಿ ಅಂದ್ರೆ ಐದು ವರ್ಷ ಜೊತೇಲಿ ಏಗೋದು. ಗಂಡು ನೋಡೋದಕ್ಕಿಂತ ಜಾಸ್ತಿ ವಿಚಾರಿಸಬೇಕು.”

“ನೀವು ವಿಚಾರಿಸಿದ್ರಾ?”

“ವಿಚಾರಿಸಿದ್ದಿದ್ರೆ ನಾನು ಮದುವೆ ಆಗ್ತಿದ್ನಾ?”

ಐವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದೆ. ಅವಳು ಕಾದಳು. ‘ಪಾತ್ರೆ ತೊಳೆಯುವಾಗ ಉಳಿದ ಸೋಪಿನ ಅಂಶ’ ಎಂದಿತ್ತು. ತೊಳೆದವರು ಯಾರು ಎಂದು ಎಲ್ಲೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಇಲ್ಲಿ ತೊಳೆಯುವವಳು ನಾನೊಬ್ಬಳೇ.

ಐದಕ್ಕೆ ಹನ್ನೆರಡು ನಿಮಿಷವಿತ್ತು.

“ಪ್ರತಿ ಹೋಗೋ ಕಡೆ ಪ್ರೊಫೆಸರ್ ಹೆಸರೂ ಹಾಕಿದ್ದೀಯಾ?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರ ಹೆಸರನ್ನೂ ಸೇರಿಸಿ, ಕಳಿಸಿದಳು.