ಪ್ರಸಾದನ ಬೆನ್ನ ಹಿಂದಿನ ಜಾಗ

ಸದಾನಂದನಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಸವತಿ ಬಂದಿದ್ದಳು ಎಂದರೆ ನಂಬುವವರಿರಲಿಲ್ಲ, ಅವನ ಹೆಂಡತಿ ಜಲಜಾಕ್ಷಿಯೊಬ್ಬಳನ್ನು ಬಿಟ್ಟು. ಸವತಿಗೆ ಬಿಳಿ ಮೀಸೆಯಿತ್ತು, ಹೆಸರು ಭೋಜರಾಜ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಪೆರುಂಗುಡಿಯ ಮಗಳ ಮನೆಗೆ ಬಂದು ನೆಲೆಸಿದವನು. ಬಂದವನು ಸುಮ್ಮನೆ ಮೊಮ್ಮಗುವನ್ನು ಆಡಿಸಿಕೊಂಡು ಇರಬಾರದಿತ್ತೇ? ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದ ಸೈಕಲ್ಲು ಕೊಂಡು, ಒಂದು ಭಾನುವಾರ ಬೆಳಿಗ್ಗೆ ತಿರುವಾನ್ಮಿಯೂರಿನ ಸಿಗ್ನಲ್ಲಿನಲ್ಲಿ ಕೃಷ್ಣಪ್ರಸಾದನನ್ನು ಮಾತಾಡಿಸಿಬಿಟ್ಟ. ಸದಾನಂದನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಕೃಷ್ಣಪ್ರಸಾದ ಸದಾನಂದನ ಜೀವದ ಗೆಳೆಯ. ಮೈಸೂರು ಕಡೆಯವನು, ರೈಲ್ವೆಯಲ್ಲಿದ್ದವನು, ಕಡ್ಡಿಯಂಥ ಆಳು. ಸದಾನಂದ ಉಡುಪಿಯ ಕಡೆಯವನು, ಆಳು ದಪ್ಪ. ವೆಸ್ಟ್ ಮಾಂಬಲಂನ ಹೋಟೆಲ್ಲನ್ನು ಮಗ ಸುಕೇಶನ ಕೈಗೆ ಒಪ್ಪಿಸಿ, ಕುಳಿತಲ್ಲೇ ಊದುತ್ತಿದ್ದವನನ್ನು ಬೈದು ಸೈಕಲ್ಲು ಹತ್ತಿಸಿದ್ದು ಪ್ರಸಾದನೇ. ಆಮೇಲೆ ಭಾನುವಾರ ಬಂತೆಂದರೆ ಇಬ್ಬರೂ ಸಮುದ್ರದ ಪಕ್ಕದ ಇಸಿಆರ್ ರಸ್ತೆಯಲ್ಲಿ. ಮೊದಲು ಕೋವಳಂ, ಆಮೇಲೆ ಮಹಾಬಲಿಪುರಂ, ಮೈ ಪಳಗಿದ ಮೇಲೆ ಪಾಂಡಿಚೇರಿ. ಯಾವತ್ತೂ ಪ್ರಸಾದ ಮುಂದೆ, ಸದಾನಂದ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು.

ಎದುರುಗಾಳಿಯಲ್ಲಿ ಮುಂದಿನವನು ಗಾಳಿ ಸೀಳಿಕೊಂಡು ಹೋದರೆ ಹಿಂದಿನವನಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಸದಾನಂದ ಅದನ್ನು ಹಾಗೆ ನೋಡಿದವನೇ ಅಲ್ಲ. ಆ ಜಾಗ ತನ್ನದು, ಅಷ್ಟೆ. ಪ್ರಸಾದನ ಅಂಗಿಯ ಬೆನ್ನಿನ ಮೇಲೆ ಬೆವರು ಯಾವ ಆಕಾರದಲ್ಲಿ ಮೂಡುತ್ತದೆ ಎಂಬುದು ಪ್ರಸಾದನ ಹೆಂಡತಿ ಉಷಾಗೂ ಗೊತ್ತಿರಲಿಕ್ಕಿಲ್ಲ, ಅವನಿಗೆ ಗೊತ್ತಿತ್ತು.

ಈಗ ನೋಡಿದರೆ ಭೋಜರಾಜ ಮುಂದೆ, ಅವನ ಬೆನ್ನಿಗೆ ಪ್ರಸಾದ, ಸದಾನಂದ ಬಾಲ. ಸ್ವಲ್ಪ ದೂರ ಹೋದ ಮೇಲೆ ಅವರಿಬ್ಬರೂ ಜಾಗ ಬದಲಿಸಿಕೊಳ್ಳುವುದೇನು, ಬದಲಿಸುವಾಗ ಅಕ್ಕಪಕ್ಕ ಬಂದು ನಗುವುದೇನು! ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು ಎಂದು ಸದಾನಂದ ಒಳಗೊಳಗೇ ಕುದಿಯುತ್ತಿದ್ದ.

"ಎಂತ ಮಾರಾಯ್ರೆ, ಗಂಡ ಎರಡನೇ ಮದುವೆ ಆದವರ ಹಾಗೆ ಮೋರೆ ಊದಿಸಿ ಕೂತಿದ್ದೀರಿ? ಪ್ರಸಾದಣ್ಣ ಇನ್ನೊಬ್ಬರ ಒಟ್ಟಿಗೆ ಮಾತಾಡಿದ್ರೆ ನಿಮಗೆಂತ ಕಷ್ಟ?" ಎಂದಳು ಜಲಜಾಕ್ಷಿ.

"ನನಗೆಂತ ಕಷ್ಟ? ಎಂತದೂ ಇಲ್ಲ," ಎಂದ ಸದಾನಂದ. ಆದರೆ ಅವನು ದೋಸೆ ಹರಿದ ರೀತಿ ನೋಡಿ ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಏಪ್ರಿಲಿನಲ್ಲಿ ಮೂವರೂ ಪಾಂಡಿಚೇರಿಗೆ ಹೊರಟಾಗ ಸದಾನಂದನ ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಮರಕ್ಕಾಣಂನ ಉಪ್ಪಿನ ಗದ್ದೆಗಳ ಹತ್ತಿರ ಗಾಳಿ ತಡೆಯಲು ಒಂದು ಗಿಡವೂ ಇಲ್ಲ. ಬೇಸಿಗೆಯಲ್ಲಿ ದಕ್ಷಿಣದ ಗಾಳಿ ನೇರ ಮುಖಕ್ಕೇ ಬಡಿಯುತ್ತದೆ. ಅಲ್ಲಿ ತಾನು ಮುಂದೆ ನುಗ್ಗಿ ಜೋರಾಗಿ ತುಳಿಯಬೇಕು, ಭೋಜರಾಜ ಏದುಸಿರು ಬಿಡುತ್ತ ಹಿಂದುಳಿಯಬೇಕು. ಆಮೇಲೆ ರಸ್ತೆಯಲ್ಲಿ ಉಳಿಯುವವರು ತಾವಿಬ್ಬರೇ, ಮೊದಲಿನ ಹಾಗೆ.

ಉಪ್ಪಿನ ರಾಶಿಗಳು ಕಾಣಿಸಿದ್ದೇ ತಡ, ಸದಾನಂದ ಇಬ್ಬರನ್ನೂ ದಾಟಿ ಮುಂದೆ ನುಗ್ಗಿದ. ಇಷ್ಟು ವರ್ಷ ಮರೆಯಲ್ಲಿ ಕೂಡಿಟ್ಟ ಕಸುವೆಲ್ಲ ಕಾಲಿಗೆ ಇಳಿದಂತಿತ್ತು. ಒಮ್ಮೆ ತಿರುಗಿ ನೋಡಿದ. ಭೋಜರಾಜ ಚುಕ್ಕೆಯಷ್ಟಾಗಿದ್ದ. ಸದಾನಂದನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಇನ್ನಷ್ಟು ತುಳಿದು ಮತ್ತೆ ತಿರುಗಿದ. ಈಗ ರಸ್ತೆಯಲ್ಲಿ ಯಾರೂ ಇರಲಿಲ್ಲ. ಪ್ರಸಾದನೂ ಇರಲಿಲ್ಲ.

ಕಾದ. ಬರಲಿಲ್ಲ. ಮೊಬೈಲಿಗೆ ಕರೆ ಮಾಡಿದರೆ ಎತ್ತಲಿಲ್ಲ. ಏನಾದರೂ ಆಯಿತೇನೋ ಎಂಬ ಭಯ ಒಂದು ಕಡೆ, ಆ ಭೋಜರಾಜನ ಜೊತೆಗೇ ಉಳಿದನಲ್ಲ ಎಂಬ ಉರಿ ಇನ್ನೊಂದು ಕಡೆ. ಸೈಕಲ್ಲು ತಿರುಗಿಸಿದ.

ರಸ್ತೆಯ ಪಕ್ಕದಲ್ಲಿ ನುಂಗು, ಅಂದರೆ ಎಳೆ ತಾಳೆಕಾಯಿಯ ತಿರುಳು, ಮಾರುವ ತಾಳೆಗರಿಯ ಚಪ್ಪರದ ಕೆಳಗೆ ಇಬ್ಬರೂ ಸಿಕ್ಕರು. ಭೋಜರಾಜ ಬೆಂಚಿನ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ನರಳುತ್ತಿದ್ದ. ಮೀನಖಂಡ ಹಿಡಿದುಕೊಂಡಿತ್ತು. ಪ್ರಸಾದ ನೆಲದ ಮೇಲೆ ಕುಳಿತು, ಅವನ ಪಾದವನ್ನು ತನ್ನ ಎದೆಗೆ ಒತ್ತಿಕೊಂಡು ನೀವುತ್ತಿದ್ದ. ಸದಾನಂದನ ಕಣ್ಣಿಗೆ ಖಾರದ ಪುಡಿ ಬಿದ್ದಂತಾಯಿತು.

ಪ್ರಸಾದ ಕೈ ತೊಳೆಯಲು ಪಕ್ಕಕ್ಕೆ ಬಂದಾಗ ಸದಾನಂದ ತಡೆಯಲಾರದೆ ಹೇಳಿಯೇಬಿಟ್ಟ. "ಈಗ ನಿನಗೆ ಅವನ ಬೆನ್ನೇ ಬೇಕು, ಅವನ ಕಾಲೇ ಬೇಕು. ನಾನು ಯಾರೂ ಅಲ್ಲ, ಅಲ್ವಾ?"

ಪ್ರಸಾದ ನೀರಿನ ಬಾಟಲಿಯನ್ನು ಕೆಳಗಿಟ್ಟ. "ಹೌದು ಕಣೋ, ಅವರ ಹಿಂದೇನೇ ಹೋಗ್ತೀನಿ. ಯಾಕೆ ಅಂತ ಕೇಳು. ಮೊದಲನೇ ದಿನಾನೇ ಅವರು, ನೀವು ದಣಿದೀರಿ, ಸ್ವಲ್ಪ ಹಿಂದ ಬರ್ರಿ ಅಂದ್ರು. ಇಷ್ಟು ವರ್ಷದಲ್ಲಿ ನೀನು ಒಂದು ಸಲ ಅಂದಿದ್ದೀಯಾ, ಸದಾ? ನನಗೂ ಎಪ್ಪತ್ತಾಯ್ತಪ್ಪ."

"ಹೇಳಬಾರದಿತ್ತಾ ನೀನು?"

"ಕೇಳಿ ಇಸ್ಕೊಳ್ಳೋದಾ ಇದನ್ನ?"

ಗೆಳೆಯನ ಬೆವರಿನ ಆಕಾರ ಬಲ್ಲ ಸದಾನಂದನಿಗೆ ಅದು ಯಾರ ಸಲುವಾಗಿ ಸುರಿಯುತ್ತಿದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಹೋಟೆಲ್ಲಿನಲ್ಲಿ ಕೊನೆಯ ಎಲೆಯ ಊಟ ಮುಗಿಯುವ ತನಕ ತಾನು ಉಂಡವನಲ್ಲ ಎಂದು ಹೆಮ್ಮೆ ಪಡುತ್ತಿದ್ದ ಮನುಷ್ಯ ಅವನು. ನಾಚಿಕೆಯಾಯಿತು. ಪ್ರಸಾದ ಕೊಟ್ಟ ನುಂಗನ್ನು ತಲೆ ಎತ್ತದೆ ತಿಂದ.

ಭೋಜರಾಜ ಎದ್ದು ಕಾಲು ಊರಿ ನೋಡಿದ ಮೇಲೆ ಸದಾನಂದ ಹೆಲ್ಮೆಟ್ ಹಾಕಿಕೊಂಡ. "ಹೋಗುವ. ನಾನು ಮುಂದೆ. ನೀವಿಬ್ಬರೂ ಹಿಂದೆ ಬನ್ನಿ," ಎಂದ.

"ಛಲೋ ಆತು ನೋಡ್ರಿ," ಎಂದ ಭೋಜರಾಜ. "ನಿಮ್ಮ ಹಿಂದ ಬಂದ್ರ ಗ್ವಾಡಿ ಮರಿಗೆ ಬಂದಂಗ."

ಗೋಡೆಯ ಮರೆ ಎಂದದ್ದು ಹೊಗಳಿಕೆಯೋ ತನ್ನ ದಪ್ಪ ಮೈಯ ಗೇಲಿಯೋ ಸದಾನಂದನಿಗೆ ತಿಳಿಯಲಿಲ್ಲ. ಪ್ರಸಾದ ಮಾತ್ರ ಬಿದ್ದು ಬಿದ್ದು ನಕ್ಕ.

ಮತ್ತೆ ಉಪ್ಪಿನ ಗದ್ದೆಗಳು, ಮತ್ತೆ ಗಾಳಿ. ಈ ಸಲ ಸದಾನಂದ ಜೋರು ಮಾಡಲಿಲ್ಲ. ಸಮುದ್ರದ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುವಂತಿತ್ತು, ತೊಡೆಗಳು ಉರಿಯುತ್ತಿದ್ದವು. ಇದನ್ನು ಪ್ರಸಾದ ಪ್ರತಿ ಭಾನುವಾರ ತಿಂದಿದ್ದ. ಹಿಂದಿನಿಂದ ಇಬ್ಬರೂ ಮಾತಾಡುವ ಸದ್ದು ಕೇಳಿತು. ಏನು ಮಾತು ಎಂಬುದು ಗಾಳಿಯಲ್ಲಿ ತಿಳಿಯಲಿಲ್ಲ. ನಕ್ಕದ್ದು ಮಾತ್ರ ತಿಳಿಯಿತು. ಸದಾನಂದನಿಗೆ ತಿರುಗಿ ನೋಡಲೇಬೇಕು ಅನ್ನಿಸಿತು. ಆದರೆ ತಿರುಗಿದರೆ ಸೈಕಲ್ಲು ಒಂದಿಷ್ಟು ವಾಲುತ್ತದೆ, ವಾಲಿದರೆ ಪ್ರಸಾದನ ಮುಖಕ್ಕೆ ಗಾಳಿ ಬಡಿಯುತ್ತದೆ. ಸದಾನಂದ ಹಲ್ಲು ಕಚ್ಚಿ ನೇರವಾಗಿ ತುಳಿದ.