ಹನ್ನೆರಡನೆಯ ಫಾರಂ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಉಳಿದಿರುವ ಚಪ್ಪಲಿಗಳೆಲ್ಲ ಎಡಗಾಲಿನವು, ಡಾಕ್ಟರ್ ಜ್ಯೋತಿಲಕ್ಷ್ಮಿ ಎರಡು ಎಡಗಳನ್ನೇ ಮೆಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ, ಕುಳಿತವಳಿಗೆ ಬಲಗಾಲು ಯಾಕೆ, ಬೇಕಾದದ್ದು ಬಲ — ಹರ್ಷವರ್ಧನನಿಗೆ ‘ಉತ್ತಮ’ ಕೊಡದಿರುವಷ್ಟು ಬಲ, ಸರ್ಜರಿ ಕಲಿಯಲು ಸಾಗರದ ಆಸ್ಪತ್ರೆಗೆ ಬಂದವನು, ಕೈಯಲ್ಲಿ ಚುರುಕು, ಕಿವಿಯಲ್ಲಿ ಮುಷ್ಕರ, ಆಪರೇಷನ್ನಿಗೊಂದರಂತೆ ಹನ್ನೊಂದು ಮೌಲ್ಯಮಾಪನದ ಫಾರಂ ಆಗಿದೆ, ಹನ್ನೊಂದರಲ್ಲೂ ಉತ್ತಮ, ಇಲ್ಲಿ ಉತ್ತಮರಲ್ಲದವರು ಹುಟ್ಟಿಯೇ ಇಲ್ಲ, ಹನ್ನೆರಡನೆಯದರಲ್ಲಿ ‘ಮತ್ತೆ ಕಲಿಯಬೇಕು’ ಎಂದು ಬಿದ್ದರೆ ಆರು ತಿಂಗಳು ಇಲ್ಲೇ, ಬೀಳದಿದ್ದರೆ ಸೋಮವಾರದಿಂದ ತೀರ್ಥಹಳ್ಳಿಯಲ್ಲಿ ಒಬ್ಬನೇ ಕತ್ತಿ ಹಿಡಿಯುತ್ತಾನೆ, ಬರೀರಿ ಮಾರಾಯ್ರೆ ಉತ್ತಮ ಅಂತ, ಹುಡುಗ್ರ ಭವಿಷ್ಯ ಅಲ್ವಾ — ವಿಭಾಗದ ಮುಖ್ಯಸ್ಥ ಸುಬ್ಬಣ್ಣ ಈಗಷ್ಟೇ ಫೋನಿನಲ್ಲಿ — ಭವಿಷ್ಯ ಬೆಳ್ಳಮ್ಮನಿಗಿಲ್ಲವೆ, ಪಿತ್ತಕೋಶದ ಕಲ್ಲು ಹೊತ್ತು ಹೊಸನಗರದಿಂದ ಬಂದವಳು, ಬೆಳಿಗ್ಗೆ ಟೇಬಲ್ ಹತ್ತುವಾಗ ಕೈ ಹಿಡಿದು ಕೇಳಿದಳು, ಅಮ್ಮಾ, ನೀವೇ ಮಾಡ್ತೀರಲ್ದಾ, ಹ್ಞೂಂ ಎಂದದ್ದು ಸುಳ್ಳು, ಮಾಡುತ್ತಿರುವುದು ಹರ್ಷವರ್ಧನ, ಥಿಯೇಟರಿನ ಕ್ಯಾಮೆರಾ ಪರದೆಯ ಮೇಲೆ ಹೊಟ್ಟೆಯೊಳಗು ಹಳದಿಯಾಗಿ ಹೊಳೆಯುತ್ತಿದೆ, ಕ್ಲಿಪ್ಪಿನ ಇಕ್ಕಳ ಬಾಯ್ತೆರೆದಿದೆ, ತಪ್ಪು ನಾಳ, ಅದು ಪಿತ್ತವನ್ನು ಕರುಳಿಗೆ ಒಯ್ಯುವ ದೊಡ್ಡ ನಾಳ, ಒತ್ತಿ ಕತ್ತರಿಸಿದರೆ ಬೆಳ್ಳಮ್ಮನಿಗೆ ಜನ್ಮವಿಡೀ ಆಸ್ಪತ್ರೆ, ನಿಲ್ಸು, ಗೊತ್ತು ಮೇಡಂ, ನಿಲ್ಸು ಹರ್ಷ, ಗೊತ್ತು ಮೇಡಂ — ಮೂರನೆಯ ಸಲ ಅವಳು ಹೇಳಲಿಲ್ಲ, ಇಕ್ಕಳ ಕಸಿದುಕೊಂಡಳು, ಆಪರೇಷನ್ ತಾನೇ ಮುಗಿಸಿದಳು, ಬೆಳ್ಳಮ್ಮ ಎದ್ಲು ಮೇಡಂ, ಕಾಫಿ ಕೇಳ್ತಿದಾಳೆ, ಎಂದು ಸಿಸ್ಟರ್ ವಿಶಾಲಾಕ್ಷಮ್ಮ ಬಂದು ಹೇಳಿಯೂ ಆಯಿತು, ಅವನನ್ನು ಕೂರಿಸಿಕೊಂಡು ಹೇಳಿಯೂ ಆಯಿತು, ಕೈ ಚೆನ್ನಾಗಿದೆ ಕಣೋ, ಆದ್ರೆ ಗೊತ್ತು ಅಂದ ಕೂಡ್ಲೆ ನೋಡೋದು ಬಿಡ್ತೀಯ, ಅವನು ನಕ್ಕ, ಏನೂ ಆಗ್ಲಿಲ್ವಲ್ಲ ಮೇಡಂ — ಆಗಲಿಲ್ಲವಂತೆ! — ಬಾಯ್ತೆರೆದ ಇಕ್ಕಳ ಕಣ್ಣಿಂದ ಹೋಗುತ್ತಿಲ್ಲ, ಬರೆದೇ ಬರೆಯುತ್ತೇನೆ ಸುಬ್ಬಣ್ಣನವರೇ, ಬೇಕಾದರೆ ನನ್ನನ್ನೇ ತೀರ್ಥಹಳ್ಳಿಗೆ ಎಸೆಯಿರಿ, ‘ತಡೆದರೂ ನಿಲ್ಲುವುದಿಲ್ಲ, ಮತ್ತೆ ಕಲಿಯಬೇಕು’, ಗುಂಡಿ ಒತ್ತುತ್ತಾಳೆ, ಕಂಪ್ಯೂಟರ್ ಕೇಳುತ್ತದೆ, ಶಸ್ತ್ರಚಿಕಿತ್ಸೆ ಪೂರ್ಣಗೊಳಿಸಿದವರು ಯಾರು, ನಾನೇ, ಮತ್ಯಾರು, ಎದೆಯುಬ್ಬಿಸಿ ತನ್ನ ಹೆಸರು ಹೊಡೆಯುತ್ತಾಳೆ, ಕೆಂಪಕ್ಷರ — ವಿದ್ಯಾರ್ಥಿ ಪೂರ್ಣಗೊಳಿಸದ ಶಸ್ತ್ರಚಿಕಿತ್ಸೆ ಮೌಲ್ಯಮಾಪನಕ್ಕೆ ಅರ್ಹವಲ್ಲ, ಫಾರಂ ರದ್ದು — ಅಂದರೆ ಕತ್ತರಿಸಲು ಬಿಟ್ಟಿದ್ದರೆ ಬರೆಯಬಹುದಿತ್ತು, ತಡೆದದ್ದಕ್ಕೆ ಬರೆಯುವಂತಿಲ್ಲ, ಮತ್ತೆ ಒತ್ತುತ್ತಾಳೆ, ಮತ್ತೆ ಕೆಂಪು, ಉಳಿದದ್ದು ಹನ್ನೊಂದು ಉತ್ತಮ, ಪಾಸಾಗಲು ಅಷ್ಟು ಸಾಕು, ಹನ್ನೊಂದಕ್ಕೂ ಅವಳದೇ ಸಹಿ, ಸೋಮವಾರ, ತೀರ್ಥಹಳ್ಳಿ, ಯಾರದೋ ಹೊಟ್ಟೆ, ಹಳದಿ ಬೆಳಕು, ಬಾಯ್ತೆರೆದ ಇಕ್ಕಳ, ನಿಲ್ಸು ಎನ್ನುವವರಿಲ್ಲ, ಬಾಯ್ತೆರೆದ ಇಕ್ಕಳ, ಬಾಯ್ತೆರೆದ